ಪೋಸ್ಟ್ ಹಾಕಿದ ದಿನ ಅಲ್ಲ, ತಲುಪಿದ ದಿನ: ಮಳೆಗಾಲದಲ್ಲಿ ಐಟಿಆರ್-ವಿ ಕಳಿಸುವವರಿಗೆ ಪೂರ್ತಿ ಮಾರ್ಗದರ್ಶಿ

ನಮ್ಮ ದೊಡ್ಡಮ್ಮನಿಗೆ 1,000 ರೂಪಾಯಿ ದಂಡ ಬಿದ್ದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಅವರು ನಿವೃತ್ತ ಪ್ರೈಮರಿ ಶಾಲೆ ಟೀಚರು. ಉಡುಪಿಯಿಂದ ಕಾರ್ಕಳದ ಕಡೆ ಹೋಗುವಾಗ ಸಿಗುವ ಒಂದು ಊರಲ್ಲಿ ಮನೆ. ಪೆನ್ಶನ್ ಉಂಟು, ಒಂದಷ್ಟು ಎಫ್‌ಡಿ ಬಡ್ಡಿ ಉಂಟು. ಬ್ಯಾಂಕಿನವರು ಬಡ್ಡಿಯಿಂದ ಮೊದಲೇ ಹಿಡಿದ ತೆರಿಗೆ, ಅಂದರೆ ಟಿಡಿಎಸ್, ವಾಪಸ್ ಬರಬೇಕಿತ್ತು. 2024ರ ಜುಲೈ 31ರ ರಾತ್ರಿ. ಹೊರಗೆ ಆಟಿ ತಿಂಗಳ ಮಳೆ. ಕರೆಂಟು ಹೋಗಿ ಬರುತ್ತಿತ್ತು. ನಾನು ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಅವರ ಆದಾಯ ತೆರಿಗೆ ರಿಟರ್ನ್ ಅಪ್‌ಲೋಡ್ ಮಾಡಿದೆ. ಕೊನೆಯ ದಿನವಾದರೂ ಗಡುವಿನ ಒಳಗೇ. ಆದರೆ ವೆರಿಫೈ ಮಾಡುವಾಗ ಆಧಾರ್ ಒಟಿಪಿ ಬರಲಿಲ್ಲ. ಆಧಾರ್‌ಗೆ ಜೋಡಿಸಿದ್ದು ತೀರಿಹೋದ ದೊಡ್ಡಪ್ಪನ ನಂಬರ್. ಆ ಸಿಮ್ ಯಾವತ್ತೋ ಬಂದ್ ಆಗಿತ್ತು. "ಪೋಸ್ಟಲ್ಲಿ ಕಳಿಸುವ ದೊಡ್ಡಮ್ಮ, 30 ದಿನ ಟೈಮ್ ಉಂಟಲ್ಲ" ಅಂದೆ.

ಐಟಿಆರ್-ವಿ, ಅಂದರೆ ರಿಟರ್ನ್ ತಮ್ಮದೇ ಅಂತ ಸಹಿ ಹಾಕಿ ಕಳಿಸುವ ಹಾಳೆ, ಅದರ ಪ್ರಿಂಟ್ ತೆಗೆಯಲು ಒಂದು ವಾರ ಹೋಯಿತು. ಸಹಿ ಹಾಕಿಸಲು ನಾನು ಮತ್ತೆ ಆ ಕಡೆ ಹೋಗುವಾಗ ಇನ್ನೊಂದು ವಾರ. ಕೊನೆಗೆ ಆಗಸ್ಟ್ 24ರ ಶನಿವಾರ ಸಾದಾ ಅಂಚೆಯಲ್ಲಿ ಹಾಕಿದೆವು. 25 ಭಾನುವಾರ. 26 ಜನ್ಮಾಷ್ಟಮಿ ರಜೆ. ಕೊನೆಯ ದಿನ 30, ಶುಕ್ರವಾರ. ಕಾಗದ ಬೆಂಗಳೂರಿಗೆ ತಲುಪಿದ್ದು ಸೆಪ್ಟೆಂಬರ್ 2ರ ಸೋಮವಾರ. ರಿಫಂಡ್ ಬಂತು, ಆದರೆ ತಡ ಮಾಡಿದ್ದಕ್ಕೆ 1,000 ಮುರಿದುಕೊಂಡು.

"ನಾವು ಹಾಕಿದ್ದು 24ಕ್ಕೆ ಅಲ್ವಾ ಮಗಾ? ಕವರಿನ ಮೇಲೆ ಸೀಲು ಬಿದ್ದಿರ್ತದಲ್ಲ?" ಅಂತ ಕೇಳಿದರು.

ಈ ಇಡೀ ಬರಹ ಆ ಪ್ರಶ್ನೆಗೆ ಉತ್ತರ. ಸೀಲಿನ ತಾರೀಕಿಗೆ ಈಗ ಬೆಲೆ ಇಲ್ಲ.

ಹಂತ 1: ಯಾವ ತಾರೀಕು ಲೆಕ್ಕಕ್ಕೆ ಬರುತ್ತದೆ ಅಂತ ತಿಳಿದುಕೊಳ್ಳಿ

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವುದು ಎರಡು ಕೆಲಸ. ಒಂದು, ಇಲಾಖೆಯ ಪೋರ್ಟಲ್‌ನಲ್ಲಿ ಅಪ್‌ಲೋಡ್ ಮಾಡುವುದು. ಎರಡು, ಅದು ನಿಮ್ಮದೇ ಅಂತ ದೃಢಪಡಿಸುವುದು, ಅಂದರೆ ವೆರಿಫಿಕೇಶನ್. ಎರಡನೆಯದು ಆಗದಿದ್ದರೆ ಮೊದಲನೆಯದು ಮಾಡಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಆನ್‌ಲೈನ್‌ನಲ್ಲಿ ವೆರಿಫೈ ಮಾಡಲು ಆಗದವರು ಐಟಿಆರ್-ವಿ ಎಂಬ ಒಂದು ಹಾಳೆಯನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ಬೆಂಗಳೂರಿನ ಸಿಪಿಸಿಗೆ, ಅಂದರೆ ಇಲಾಖೆಯವರು ರಿಟರ್ನ್‌ಗಳನ್ನು ಪರಿಶೀಲಿಸುವ ಕೇಂದ್ರಕ್ಕೆ, ಕಳಿಸಬೇಕು. ಅಂಚೆಯ ತಲೆನೋವು ಶುರುವಾಗುವುದು ಇಲ್ಲಿಂದ.

ಜನರಲ್ಲಿ ಗೊಂದಲ ಇರುವುದಕ್ಕೆ ಕಾರಣ ಉಂಟು. ನಿಯಮ ಕೆಲವೇ ವರ್ಷಗಳಲ್ಲಿ ಎರಡು ಸಲ ಬದಲಾಗಿದೆ. 2022ರ ಜುಲೈ ಕೊನೆಯವರೆಗೆ ಅಪ್‌ಲೋಡ್ ಮಾಡಿದವರಿಗೆ ವೆರಿಫಿಕೇಶನ್ ಮುಗಿಸಲು 120 ದಿನ ಇತ್ತು. ನಾಲ್ಕು ತಿಂಗಳು! ಚೌತಿ, ನವರಾತ್ರಿ, ದೀಪಾವಳಿ ಎಲ್ಲ ಮುಗಿಸಿ ಕಳಿಸಿದರೂ ನಡೆಯುತ್ತಿತ್ತು. 2022ರ ಆಗಸ್ಟ್ 1ರಿಂದ ಅದು 30 ದಿನಕ್ಕೆ ಇಳಿಯಿತು. ಆಗ ಸ್ಪೀಡ್ ಪೋಸ್ಟಲ್ಲೇ ಕಳಿಸಬೇಕು ಅಂದರು, ಆದರೆ ಸ್ಪೀಡ್ ಪೋಸ್ಟ್ ಬುಕ್ ಮಾಡಿದ ದಿನವನ್ನೇ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಕಾಗದ ದಾರಿಯಲ್ಲಿ ತಡವಾದರೆ ಅದು ನಿಮ್ಮ ತಪ್ಪಾಗುತ್ತಿರಲಿಲ್ಲ.

2024ರ ಮಾರ್ಚ್ 31ರ ಅಧಿಸೂಚನೆ ಇದನ್ನು ತಿರುಗಿಸಿ ಹಾಕಿತು. ಸಾದಾ ಅಂಚೆ, ಸ್ಪೀಡ್ ಪೋಸ್ಟ್, ಬೇರೆ ಯಾವುದೇ ದಾರಿ, ಹೇಗೆ ಬೇಕಾದರೂ ಕಳಿಸಿ ಅಂದಿತು. ಕೇಳಲು ಸಲೀಸು. ಆದರೆ 30 ದಿನದ ಲೆಕ್ಕಕ್ಕೆ ಹಿಡಿಯುವುದು ಐಟಿಆರ್-ವಿ ಸಿಪಿಸಿಗೆ ತಲುಪಿದ ದಿನವನ್ನು. ಹಾಗಾಗಿ ಪೋಸ್ಟಿನವರು ತಡ ಮಾಡಿದರೂ ಅದು ಈಗ ನಿಮ್ಮ ತಡವೇ.

ಉದಾಹರಣೆಗೆ, ಜುಲೈ 31ಕ್ಕೆ ಅಪ್‌ಲೋಡ್ ಮಾಡಿದರೆ ಆಗಸ್ಟ್ 30ರ ಒಳಗೆ ಸಿಪಿಸಿಯ ಕೈಗೆ ಸಿಗಬೇಕು. ಜುಲೈ 10ಕ್ಕೆ ಮಾಡಿದರೆ ಆಗಸ್ಟ್ 9. ಒಳಗೆ ತಲುಪಿದರೆ ನೀವು ಅಪ್‌ಲೋಡ್ ಮಾಡಿದ ದಿನವೇ ರಿಟರ್ನ್ ಸಲ್ಲಿಸಿದ ದಿನ. ದಾಟಿ ತಲುಪಿದರೆ, ತಲುಪಿದ ದಿನವೇ ಸಲ್ಲಿಸಿದ ದಿನ. ಅಷ್ಟೊತ್ತಿಗೆ ಜುಲೈ 31ರ ಗಡುವು ಮುಗಿದಿರುತ್ತದೆ, ಅಲ್ವಾ? ಹಾಗಾಗಿ ಅದು ತಡವಾದ ರಿಟರ್ನ್.

ಗಡುವನ್ನೂ ಪ್ರತಿ ವರ್ಷ ಪೋರ್ಟಲ್‌ನಲ್ಲೇ ನೋಡಿ. ಆಡಿಟ್ ಇಲ್ಲದ ಸಂಬಳದವರಿಗೆ, ಪೆನ್ಶನ್‌ದಾರರಿಗೆ ಜುಲೈ 31 ಮಾಮೂಲು. 2025ರಲ್ಲಿ ಅದನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿ, ಕೊನೆಗಳಿಗೆಯಲ್ಲಿ ಇನ್ನೊಂದು ದಿನ ಕೊಟ್ಟು 16 ಮಾಡಿದರು. ಈ ಸಲವೂ ಮುಂದೆ ಹಾಕ್ತಾರೆ ಅಂತ ಕಾಯುವುದು ಮಾತ್ರ ಬೇಡ.

ಹಂತ 2: ಸಾಧ್ಯವಾದರೆ ಪೋಸ್ಟನ್ನೇ ತಪ್ಪಿಸಿ

ಪೋಸ್ಟ್ ಬಗ್ಗೆ ಬರೆಯಲು ಕೂತು ಪೋಸ್ಟ್ ಬೇಡ ಅನ್ನುವುದು ವಿಚಿತ್ರವೇ. ಆದರೂ ನನ್ನ ಮೊದಲ ಸಲಹೆ ಇದೇ. ಇ-ವೆರಿಫೈ ಮಾಡಿದರೆ ಎರಡು ನಿಮಿಷದ ಕೆಲಸ. ಘಾಟಿ ಕುಸಿದರೂ ಒಟಿಪಿ ನಿಲ್ಲುವುದಿಲ್ಲ.

ಆಧಾರ್ ಒಟಿಪಿ ಎಲ್ಲಕ್ಕಿಂತ ಸುಲಭ. ನಂಬರ್ ಹಳೆಯದಾಗಿದ್ದರೆ ಅದನ್ನು ಜುಲೈನಲ್ಲಿ ಅಲ್ಲ, ಏಪ್ರಿಲ್-ಮೇನಲ್ಲೇ ಸರಿಮಾಡಿಸಿ. ಆಧಾರ್ ಕೇಂದ್ರಕ್ಕೆ ಹೋಗಲು ಆಗದ ವಯಸ್ಸಾದವರಿಗೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮೊಬೈಲ್ ನಂಬರ್ ಬದಲಿಸಿಕೊಡುವ ಸೌಲಭ್ಯ ಉಂಟು. ದೊಡ್ಡಮ್ಮನಿಗೆ ಹಾಗೇ ಮಾಡಿಸಿದೆವು. ಪೋಸ್ಟ್ ತಡವಾಗಿ ದಂಡ ಕಟ್ಟಿದವರಿಗೆ ಪೋಸ್ಟಿನವರೇ ಪರಿಹಾರ ತಂದುಕೊಟ್ಟ ಹಾಗಾಯಿತು. ಚಾ ಕುಡಿಸದೆ ಕಳಿಸಲಿಲ್ಲ ದೊಡ್ಡಮ್ಮ.

ಬ್ಯಾಂಕ್ ಖಾತೆ ಮೂಲಕ ಇವಿಸಿ ಎಂಬ ಕೋಡ್ ತರಿಸಿಕೊಂಡೂ ವೆರಿಫೈ ಮಾಡಬಹುದು. ಅದಕ್ಕೆ ಖಾತೆ ಪೋರ್ಟಲ್‌ನಲ್ಲಿ ಪ್ರಿ-ವ್ಯಾಲಿಡೇಟ್ ಆಗಿರಬೇಕು, ಅಂದರೆ ಮೊದಲೇ ಜೋಡಿಸಿ ದೃಢಪಡಿಸಿರಬೇಕು. ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಯವರು ಎಡವುವುದು ಇಲ್ಲೇ. ನಮ್ಮದು ಬ್ಯಾಂಕುಗಳ ತವರು. ಅಪ್ಪ-ಅಜ್ಜನ ಕಾಲದ ಖಾತೆಗಳೆಲ್ಲ ಇದ್ದದ್ದು ವಿಜಯಾ, ಕಾರ್ಪೊರೇಶನ್, ಸಿಂಡಿಕೇಟ್ ಬ್ಯಾಂಕುಗಳಲ್ಲಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರ ಏಪ್ರಿಲ್ 1ಕ್ಕೆ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ, ಸಿಂಡಿಕೇಟ್ ಕೆನರಾ ಬ್ಯಾಂಕಿಗೂ ಸೇರಿದವು. ಐಎಫ್‌ಎಸ್‌ಸಿ ಕೋಡ್‌ಗಳೂ ಬದಲಾದವು. ಪೋರ್ಟಲ್‌ನಲ್ಲಿ ಹಳೇ ಕೋಡ್ ಹಾಗೇ ಕೂತಿದ್ದರೆ ಇವಿಸಿ ಬರುವುದಿಲ್ಲ, ರಿಫಂಡ್ ಸಹ ಸಿಕ್ಕಿಹಾಕಿಕೊಳ್ಳುತ್ತದೆ. ಹಳೇ ಚೆಕ್‌ಬುಕ್ ನೋಡಿ ಕೋಡ್ ತುಂಬಬೇಡಿ. ಬ್ಯಾಂಕಿಗೆ ಹೋಗಿ ಹೊಸ ಪಾಸ್‌ಬುಕ್ ಮಾಡಿಸಿ, ಅದರಲ್ಲಿ ಇದ್ದದ್ದನ್ನು ತುಂಬಿ.

ದುಬೈ, ಕುವೈತ್, ಮಸ್ಕತ್‌ನಲ್ಲಿ ಇರುವವರಿಗೂ ಈ ಬ್ಯಾಂಕ್ ದಾರಿಯೇ ಒಳ್ಳೆಯದು. ಊರಿನ ಸಿಮ್‌ಗೆ ಅಲ್ಲಿ ಒಟಿಪಿ ಬರದೆ ಇರುವುದೇ ಜಾಸ್ತಿ. ಬ್ಯಾಂಕ್ ಖಾತೆಯ ಇವಿಸಿ ಮೊಬೈಲ್ ಜೊತೆಗೆ ಇ-ಮೇಲ್‌ಗೂ ಬರುತ್ತದೆ. ನೆಟ್ ಬ್ಯಾಂಕಿಂಗ್ ಇದ್ದರೆ ಅದರ ಒಳಗಿಂದಲೇ ತೆರಿಗೆ ಪೋರ್ಟಲ್‌ಗೆ ಹೋಗಿ ವೆರಿಫೈ ಮಾಡಬಹುದು. ಷೇರು ಇಡುವ ಡಿಮ್ಯಾಟ್ ಖಾತೆ ಇದ್ದವರಿಗೆ ಅದೂ ಒಂದು ದಾರಿ. ಇವಿಸಿ 72 ಗಂಟೆ ಚಾಲ್ತಿಯಲ್ಲಿರುತ್ತದೆ. ಆಧಾರ್ ಒಟಿಪಿ 15 ನಿಮಿಷವಷ್ಟೆ.

ಇನ್ನೊಂದು ಮಾತು. ನಿಮ್ಮ ಮನೆಯ ಹಿರಿಯರು ರಿಟರ್ನ್ ಹಾಕಲೇಬೇಕಾ ಅಂತ ಮೊದಲು ನೋಡಿ. 75 ದಾಟಿದವರಿಗೆ ಪೆನ್ಶನ್ ಮತ್ತು ಅದೇ ಬ್ಯಾಂಕಿನ ಬಡ್ಡಿ ಬಿಟ್ಟು ಬೇರೆ ವರಮಾನ ಇಲ್ಲದಿದ್ದರೆ, ಬ್ಯಾಂಕಿಗೆ ಘೋಷಣೆ ಕೊಟ್ಟು ತೆರಿಗೆ ಲೆಕ್ಕವನ್ನು ಅಲ್ಲೇ ಮುಗಿಸಿಕೊಳ್ಳಬಹುದು. ರಿಟರ್ನ್ ಬೇಡ. ದೊಡ್ಡಮ್ಮನಿಗೆ ಎರಡು ಬ್ಯಾಂಕಲ್ಲಿ ಎಫ್‌ಡಿ ಇದ್ದದ್ದರಿಂದ ಈ ದಾರಿ ಮುಚ್ಚಿತ್ತು.

ಹಂತ 3: ಪೋಸ್ಟೇ ಗತಿ ಅಂತಾದರೆ, ಹಾಳೆ ಸರಿಯಾಗಿ ತಯಾರಿಸಿ

ಪೋರ್ಟಲ್‌ನಿಂದ ಐಟಿಆರ್-ವಿ ಇಳಿಸಿಕೊಳ್ಳಿ. ತೆರೆಯಲು ಪಾಸ್‌ವರ್ಡ್ ಕೇಳುತ್ತದೆ: ಪ್ಯಾನ್ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ಅದರ ಬೆನ್ನಿಗೇ ಹುಟ್ಟಿದ ದಿನ, ತಿಂಗಳು, ವರ್ಷ, ನಡುವೆ ಜಾಗ ಬಿಡದೆ.

ಎ4 ಬಿಳಿ ಹಾಳೆಯಲ್ಲಿ, ಒಂದೇ ಬದಿ, ಅಚ್ಚು ಸ್ಪಷ್ಟವಾಗಿರುವ ಹಾಗೆ ಪ್ರಿಂಟ್ ತೆಗೆಯಿರಿ. ಗಂಡ-ಹೆಂಡತಿ ಇಬ್ಬರದನ್ನೂ ಒಂದೇ ಹಾಳೆಯ ಹಿಂದೆ ಮುಂದೆ ಪ್ರಿಂಟ್ ಮಾಡಿ ಕಾಗದ ಉಳಿಸುವವರನ್ನು ನೋಡಿದ್ದೇನೆ. ಬೇಡ. ಸಹಿ ನೀಲಿ ಪೆನ್ನಲ್ಲಿ, ಪೆನ್ಶನ್‌ಗೆ ಹಾಕುವ ಅದೇ ಸಹಿ. ಸಹಿ ಮಾಡಿದ ಹಾಳೆಯ ಜೆರಾಕ್ಸ್ ಕಳಿಸಬೇಡಿ, ಮೂಲ ಹಾಳೆಯೇ ಹೋಗಬೇಕು. ಜೆರಾಕ್ಸ್ ನಿಮ್ಮ ಹತ್ತಿರ ಇರಲಿ. ಬಾರ್‌ಕೋಡ್ ಮೇಲೆ ಸಹಿ ಬೀಳಬಾರದು, ಮಡಿಕೆಯೂ ಬೀಳಬಾರದು. ಸ್ಟೇಪಲ್ ಬೇಡ.

ಜೊತೆಗೆ ಏನೂ ಇಡಬೇಡಿ. ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್, ಪ್ಯಾನ್ ಕಾರ್ಡಿನ ಜೆರಾಕ್ಸ್, ಯಾವುದೂ ಬೇಡ. ಒಂದು ಹಾಳೆ ಸಾಕು.

ನಮ್ಮ ಕಡೆ ಮಳೆಗಾಲದಲ್ಲಿ ಮನೆಯೊಳಗಿನ ಕಾಗದವೂ ಮೆತ್ತಗಾಗುತ್ತದೆ. ನಾನು ಹಾಳೆಯನ್ನು ಒಂದು ಪಾರದರ್ಶಕ ಪ್ಲಾಸ್ಟಿಕ್ ಕವರಿಗೆ ಹಾಕಿ, ಆಮೇಲೆ ದೊಡ್ಡ ಲಕೋಟೆಗೆ ಹಾಕುತ್ತೇನೆ. ಇದು ಇಲಾಖೆಯ ನಿಯಮ ಅಲ್ಲ. ಶಾಯಿ ಹರಡಿದ ಒಂದು ಕಾಗದ ನೋಡಿದ ಮೇಲೆ ಬಂದ ಅಭ್ಯಾಸ.

ಹಂತ 4: ವಿಳಾಸ, ಹಳೆಯದಲ್ಲ, ಹೊಸದು

ಲಕೋಟೆಯ ಮೇಲೆ ಬರೆಯಬೇಕಾದದ್ದು ಇಷ್ಟೇ: ಸೆಂಟ್ರಲೈಸ್ಡ್ ಪ್ರೊಸೆಸಿಂಗ್ ಸೆಂಟರ್, ಇನ್‌ಕಮ್ ಟ್ಯಾಕ್ಸ್ ಡಿಪಾರ್ಟ್‌ಮೆಂಟ್, ಬೆಂಗಳೂರು 560500, ಕರ್ನಾಟಕ. ಇಂಗ್ಲಿಷಿನಲ್ಲೇ ಬರೆಯಿರಿ. ಬೀದಿ, ಕ್ರಾಸ್, ಬಿಲ್ಡಿಂಗ್ ಏನೂ ಇಲ್ಲವಲ್ಲ ಅಂತ ಗಾಬರಿ ಬೇಡ. ಐಟಿಆರ್-ವಿ ಹಾಳೆಯಲ್ಲೇ ವಿಳಾಸ ಅಚ್ಚಾಗಿರುತ್ತದೆ, ಅದನ್ನು ನೋಡಿಕೊಂಡು ಬರೆಯಿರಿ.

ಮೊದಲು "ಪೋಸ್ಟ್ ಬ್ಯಾಗ್ ನಂಬರ್ 1, ಎಲೆಕ್ಟ್ರಾನಿಕ್ ಸಿಟಿ ಪೋಸ್ಟ್ ಆಫೀಸ್, 560100" ಅಂತ ಇತ್ತು. ಹಳೇ ಫೈಲಿನಿಂದ, ಹಳೇ ವಾಟ್ಸ್ಆಪ್ ಸಂದೇಶದಿಂದ ಅದನ್ನೇ ಎತ್ತಿ ಬರೆಯುವವರು ಇನ್ನೂ ಇದ್ದಾರೆ. ದಿನಗಳನ್ನು ಎಣಿಸುತ್ತಿರುವಾಗ ಈ ತಪ್ಪು ಮಾಡುವುದು ಬೇಡ.

ಕಳಿಸುವವರ ಹೆಸರು, ವಿಳಾಸ, ಫೋನ್ ನಂಬರನ್ನು ಹಿಂದೆ ಬರೆಯಿರಿ. ವಾಪಸ್ ಬಂದರೆ ಕನಿಷ್ಠ ನಿಮ್ಮ ಮನೆಗಾದರೂ ಬರಲಿ.

ಹಂತ 5: ಯಾವಾಗ, ಎಲ್ಲಿಂದ ಹಾಕಬೇಕು

ಮಂಗಳೂರಿಂದ ಬೆಂಗಳೂರು ಸುಮಾರು 350 ಕಿ.ಮೀ. ನಕ್ಷೆಯಲ್ಲಿ ನೋಡಿದರೆ ಒಂದು ರಾತ್ರಿಯ ದಾರಿ. ಬೇಸಿಗೆಯಲ್ಲಿ ಹೌದು. ಸ್ಪೀಡ್ ಪೋಸ್ಟ್ ಎರಡು-ಮೂರು ದಿನಕ್ಕೆ ತಲುಪಿದ್ದನ್ನು ನಾನೇ ನೋಡಿದ್ದೇನೆ. ಆದರೆ ರಿಟರ್ನ್ ಸೀಸನ್ ಬರುವುದು ಸರಿಯಾಗಿ ಮಳೆಗಾಲದ ನಡುಮಧ್ಯೆ. ದೇಶದ ಬೇರೆಯವರಿಗೆ ಜುಲೈ-ಆಗಸ್ಟ್ ಅಂದರೆ ಒಂದು ತಾರೀಕು. ನಮಗೆ ಅದು ಶಿರಾಡಿ.

ನಮಗೂ ಬೆಂಗಳೂರಿಗೂ ನಡುವೆ ಪಶ್ಚಿಮ ಘಟ್ಟ ಉಂಟು. ಶಿರಾಡಿಯಲ್ಲಿ ಗುಡ್ಡ ಜರಿದರೆ ವಾಹನಗಳು ಚಾರ್ಮಾಡಿಗೆ, ಅಲ್ಲೂ ಆಗದಿದ್ದರೆ ಸಂಪಾಜೆ ಮೂಲಕ ಮಡಿಕೇರಿಗೆ. ಆಗುಂಬೆಯಲ್ಲಿ ಮಳೆಗಾಲಕ್ಕೆ ಘನ ವಾಹನಗಳಿಗೆ ತಡೆ ಬೀಳುವುದು ಮಾಮೂಲು. ರೈಲಿನದೂ ಇದೇ ಕತೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 55 ಕಿ.ಮೀ. ಘಾಟಿ. 2024ರ ಜುಲೈ 26ರಂದು ಯಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಸುಮಾರು ಎರಡು ವಾರ ರೈಲು ಓಡಲಿಲ್ಲ. ರಿಟರ್ನ್ ಗಡುವಿಗೆ ಐದು ದಿನ ಇರುವಾಗ!

ಇದರ ಮೇಲೆ ರಜೆಗಳು. ಜುಲೈ 31ಕ್ಕೆ ಅಪ್‌ಲೋಡ್ ಮಾಡಿದವರ 30 ದಿನ ಪೂರ್ತಿ ಆಗಸ್ಟಿನಲ್ಲೇ ಕಳೆಯುತ್ತದೆ. ನಾಲ್ಕೋ ಐದೋ ಭಾನುವಾರ, ಸ್ವಾತಂತ್ರ್ಯ ದಿನ, ಕೆಲವು ವರ್ಷ ಅಷ್ಟಮಿ, ಕೆಲವು ವರ್ಷ ಚೌತಿ. ಕ್ಯಾಲೆಂಡರ್ ಎದುರಿಗೆ ಇಟ್ಟುಕೊಂಡು ಎಣಿಸಿದರೆ 30 ದಿನ ಎಷ್ಟು ಕಮ್ಮಿ ಅಂತ ಗೊತ್ತಾಗುತ್ತದೆ.

ನಾನೀಗ ಹಿಂದಿನಿಂದ ಎಣಿಸುತ್ತೇನೆ. ಕೊನೆಯ ದಿನ ಆಗಸ್ಟ್ 30 ಅಂದರೆ, 20ರ ಒಳಗೆ ತಲುಪಿರಬೇಕು. ಹಾಗಾದರೆ 10ರ ಒಳಗೆ ಹೊರಟಿರಬೇಕು. ಅಂದರೆ ಅಪ್‌ಲೋಡ್ ಮಾಡಿದ ಹತ್ತು ದಿನದ ಒಳಗೆ ಪೋಸ್ಟ್. ಮಧ್ಯೆ ಹತ್ತು ದಿನ ಪ್ರಯಾಣಕ್ಕೆ. ಕೊನೆಯ ಹತ್ತು ದಿನ ಏನಾದರೂ ಎಡವಟ್ಟಾದರೆ ಇನ್ನೊಂದು ಪ್ರತಿ ಕಳಿಸಲು. ಈ ಕೊನೆಯ ಹತ್ತು ದಿನಕ್ಕೆ ಕೈ ಹಾಕಬೇಡಿ.

ಎಲ್ಲಿಂದ ಹಾಕುತ್ತೀರಿ ಅನ್ನುವುದೂ ಮುಖ್ಯ. ಹಳ್ಳಿಯ ಬ್ರಾಂಚ್ ಪೋಸ್ಟ್ ಆಫೀಸ್ ದಿನಕ್ಕೆ ಕೆಲವೇ ಗಂಟೆ ತೆರೆದಿರುತ್ತದೆ. ಅಲ್ಲಿಂದ ಚೀಲ ದೊಡ್ಡ ಕಚೇರಿಗೆ ಹೋಗಿ, ಅಲ್ಲಿಂದ ವಿಂಗಡಣೆಗೆ ಹೋಗಬೇಕು. ಜೋರು ಮಳೆಯ ದಿನ ಆ ಚೀಲ ಮರುದಿನಕ್ಕೆ ಉಳಿದರೆ ಯಾರನ್ನೂ ದೂರುವ ಹಾಗಿಲ್ಲ. ಪೇಟೆಗೆ ಹೋಗುವ ಕೆಲಸ ಇದ್ದರೆ ಉಡುಪಿಯ ಹೆಡ್ ಪೋಸ್ಟ್ ಆಫೀಸಲ್ಲೋ ಮಂಗಳೂರಿನ ಪಾಂಡೇಶ್ವರದ ಹೆಡ್ ಪೋಸ್ಟ್ ಆಫೀಸಲ್ಲೋ ಹಾಕಿ. ಬೆಳಿಗ್ಗೆಯೇ ಹಾಕಿ. ಸಂಜೆ ಕೌಂಟರ್ ಮುಚ್ಚುವ ಹೊತ್ತಿಗೆ ಬುಕ್ ಮಾಡಿದ್ದು ಮರುದಿನದ ಚೀಲಕ್ಕೆ ಸೇರುವುದೇ ಜಾಸ್ತಿ.

ಹಂತ 6: ಸಾದಾ ಅಂಚೆಯೋ, ಸ್ಪೀಡ್ ಪೋಸ್ಟೋ, ಕೊರಿಯರ್ರೋ

ಸ್ಪೀಡ್ ಪೋಸ್ಟ್. ಯೋಚಿಸುವುದೇ ಬೇಡ. ನಿಯಮ ಸಾದಾ ಅಂಚೆಗೂ ಒಪ್ಪುತ್ತದೆ ನಿಜ. ಆದರೆ ಸಾದಾ ಅಂಚೆಗೆ ಟ್ರ್ಯಾಕಿಂಗ್ ಇಲ್ಲ. ಕೆಂಪು ಡಬ್ಬಕ್ಕೆ ಹಾಕಿದ ಮೇಲೆ ಅದು ಎಲ್ಲಿದೆ ಅಂತ ದೇವರಿಗೇ ಗೊತ್ತು.

ಕೆಲವರು ಈಗಲೂ "ರಿಜಿಸ್ಟರ್ಡ್ ಮಾಡ್ಲಾ?" ಅಂತ ಕೇಳುತ್ತಾರೆ. ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಒಳಗೇ ಸೇರಿಹೋಗಿದೆ. ಅದೇ ವರ್ಷ ಅಕ್ಟೋಬರ್ 1ರಿಂದ ದರವೂ ಬದಲಾಗಿದೆ. 50 ಗ್ರಾಂ ಒಳಗಿನ ಕಾಗದಕ್ಕೆ ಬೇರೆ ಊರಿಗೆ 47 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಒಂದು ಹಾಳೆ, ಒಂದು ಲಕೋಟೆ ಈ ಮಿತಿಯ ಒಳಗೇ ಬರುತ್ತದೆ.

ಕೊರಿಯರ್ ಕೂಡ ಈಗ ನಡೆಯುತ್ತದೆ. ಹಳೇ ಪೋಸ್ಟ್ ಬ್ಯಾಗ್ ವಿಳಾಸಕ್ಕೆ ಕೊರಿಯರ್‌ನವರು ಕೊಡಲು ಆಗುತ್ತಿರಲಿಲ್ಲ. ಆದರೂ ನನಗೆ ಸ್ಪೀಡ್ ಪೋಸ್ಟೇ ಸಮಾಧಾನ. ಹೇಗೂ ಕೊರಿಯರ್ ಗಾಡಿ ಹತ್ತಬೇಕಾದದ್ದೂ ಅದೇ ಘಾಟಿ.

ಅಂಚೆ ಇಲಾಖೆಯಿಂದ ನಷ್ಟ ವಸೂಲಿ ಮಾಡಬಹುದಾ ಅಂತ ಕೇಳಿದವರೂ ಇದ್ದಾರೆ. ಸ್ಪೀಡ್ ಪೋಸ್ಟ್ ತಡವಾದರೆ ಸಿಗುವುದು ನೀವು ಕಟ್ಟಿದ ಅಂಚೆ ಶುಲ್ಕದಷ್ಟು ಪರಿಹಾರ. ನಿಮ್ಮ ಮೇಲೆ ಬೀಳುವ ದಂಡ 5,000 ತನಕ ಹೋಗಬಹುದು. 2023ರ ಅಂಚೆ ಕಾಯ್ದೆಯೂ ನಿಗದಿಪಡಿಸಿದ ಹೊಣೆ ಬಿಟ್ಟು ಮತ್ತೆಲ್ಲದರಿಂದ ಇಲಾಖೆಗೆ ವಿನಾಯಿತಿ ಕೊಟ್ಟಿದೆ. ಆ ದಾರಿ ಬಿಟ್ಟುಬಿಡಿ.

ಹಂತ 7: ರಸೀದಿ, ಟ್ರ್ಯಾಕಿಂಗ್, ಸ್ಟೇಟಸ್

ರಸೀದಿಯಲ್ಲಿ 13 ಅಕ್ಷರ-ಅಂಕಿಗಳ ನಂಬರ್ ಇರುತ್ತದೆ. ಅಲ್ಲೇ ನಿಂತು ಫೋಟೋ ತೆಗೆಯಿರಿ. ಆ ರಸೀದಿಯ ಅಚ್ಚು ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಜೇಬಲ್ಲಿಟ್ಟು ಮಳೆಗೆ ನೆನೆದರೆ ಮನೆ ತಲುಪುವ ಮೊದಲೇ!

ಎರಡು ದಿನ ಬಿಟ್ಟು ಇಂಡಿಯಾ ಪೋಸ್ಟ್ ಸೈಟಲ್ಲಿ ನಂಬರ್ ಹಾಕಿ ನೋಡಿ. "ಬ್ಯಾಗ್ಡ್", "ಡಿಸ್ಪ್ಯಾಚ್ಡ್" ಅಂತ ಮುಂದೆ ಮುಂದೆ ಹೋಗುತ್ತಿದ್ದರೆ ಸರಿ. ಐದು ದಿನ ಒಂದೇ ಕಡೆ ನಿಂತಿದ್ದರೆ ಚುರುಕಾಗಿ. "ಡೆಲಿವರ್ಡ್" ಬಂದ ಕೂಡಲೇ ತಾರೀಕು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಕೆಲವು ತಿಂಗಳ ಮೇಲೆ ಆ ಮಾಹಿತಿ ಸೈಟಲ್ಲಿ ಸಿಗದೆ ಹೋಗಬಹುದು.

ಇಲ್ಲಿಗೆ ಮುಗಿಯಲಿಲ್ಲ. ಅಂಚೆಯವರ ಡೆಲಿವರ್ಡ್ ಬೇರೆ, ಪೋರ್ಟಲ್‌ನ ವೆರಿಫೈಡ್ ಬೇರೆ. ಸಿಪಿಸಿಯವರು ಹಾಳೆ ಸ್ಕ್ಯಾನ್ ಮಾಡಿ ನಮೂದಿಸಿದ ಮೇಲೆ ನಿಮಗೆ ಮೆಸೇಜು, ಇ-ಮೇಲ್ ಬರುತ್ತದೆ. ಸಹಿ ಇಲ್ಲ, ಬಾರ್‌ಕೋಡ್ ಓದಲಾಗುತ್ತಿಲ್ಲ ಅಂತ ತಿರಸ್ಕರಿಸುವುದೂ ಉಂಟು. ಅದಕ್ಕೇ ಕೊನೆಯ ಹತ್ತು ದಿನ ಕೈಯಲ್ಲಿರಲಿ ಅಂದದ್ದು.

ಪೋಸ್ಟ್ ಹಾಕಿ ಆಗಿದ್ದರೂ ಮಧ್ಯದಲ್ಲಿ ಒಟಿಪಿ ದಾರಿ ಸರಿಹೋದರೆ ಇ-ವೆರಿಫೈ ಮಾಡಿಬಿಡಿ. ಕಾಗದ ದಾರಿಯಲ್ಲಿದ್ದರೆ ಇರಲಿ, ತೊಂದರೆ ಇಲ್ಲ. ಲಾಗಿನ್ ಆಗದೆಯೂ ಇದನ್ನು ಮಾಡಬಹುದು. ಪೋರ್ಟಲ್‌ನ ಮೊದಲ ಪುಟದಲ್ಲೇ "ಇ-ವೆರಿಫೈ ರಿಟರ್ನ್" ಇರುತ್ತದೆ. ಪ್ಯಾನ್, ಅಸೆಸ್‌ಮೆಂಟ್ ವರ್ಷ, ಅಕ್ನಾಲೆಜ್‌ಮೆಂಟ್ ನಂಬರ್, ಮೊಬೈಲ್ ನಂಬರ್ ಕೊಟ್ಟರೆ ಸಾಕು.

ಹಂತ 8: ತಡವಾಗಿಯೇ ಹೋದರೆ

ಮೊದಲು ಎಷ್ಟು ಪೆಟ್ಟು ಬೀಳುತ್ತದೆ ಅಂತ ನೋಡಿ. ಒಟ್ಟು ವರಮಾನ 5 ಲಕ್ಷದ ಒಳಗಿದ್ದರೆ ತಡದ ಶುಲ್ಕ 1,000 ರೂಪಾಯಿ. ಮೇಲಿದ್ದರೆ 5,000. ತೆರಿಗೆ ಕಟ್ಟುವುದು ಬಾಕಿ ಇದ್ದರೆ ಅದರ ಮೇಲೆ ತಿಂಗಳಿಗೆ ಶೇಕಡಾ 1 ಬಡ್ಡಿ.

ಕಣ್ಣಿಗೆ ಕಾಣದ ಪೆಟ್ಟು ಇನ್ನೂ ದೊಡ್ಡದು. ತಡವಾದ ರಿಟರ್ನ್‌ನಲ್ಲಿ ಸಂಬಳದವರು, ಪೆನ್ಶನ್‌ದಾರರು ಹಳೇ ತೆರಿಗೆ ಪದ್ಧತಿ ಆರಿಸಿಕೊಳ್ಳುವ ಹಾಗಿಲ್ಲ. ಎಲ್‌ಐಸಿ, ಗೃಹಸಾಲದ ಬಡ್ಡಿ, ಹಿರಿಯ ನಾಗರಿಕರ ಬಡ್ಡಿಗೆ ಸಿಗುವ 50,000ದ ವಿನಾಯಿತಿ ಎಲ್ಲ ಕೈಬಿಟ್ಟುಹೋಗುತ್ತದೆ. ಷೇರಿನಲ್ಲಿ ಆದ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವುದೂ ಆಗುವುದಿಲ್ಲ. ಗೃಹಸಾಲ ಇದ್ದವರಿಗೆ ಒಂದು ಲಕೋಟೆ ತಡವಾದದ್ದಕ್ಕೆ ಹತ್ತಾರು ಸಾವಿರ ತೆರಿಗೆ ಏರುವುದು ಹೀಗೇ.

ಪರಿಹಾರಕ್ಕೆ ಪೋರ್ಟಲ್‌ನಲ್ಲಿ ಕಂಡೋನೇಶನ್ ರಿಕ್ವೆಸ್ಟ್, ಅಂದರೆ ತಡವನ್ನು ಮನ್ನಿಸಿ ಅಂತ ಕೇಳಿಕೊಳ್ಳುವ ಅರ್ಜಿ ಉಂಟು. ಲಾಗಿನ್ ಆಗಿ ಸರ್ವಿಸಸ್‌ನಲ್ಲಿ ಅದನ್ನು ಆರಿಸಿ, ಐಟಿಆರ್-ವಿ ಸಲ್ಲಿಕೆಯಲ್ಲಿ ತಡ ಎಂಬುದನ್ನು ಒತ್ತಿ, ಕಾರಣ ಬರೆಯಿರಿ. ಸುಮ್ನೆ "ಅಂಚೆ ವಿಳಂಬ" ಅಂತ ಎರಡೇ ಪದ ಬರೆದರೆ ಯಾರೂ ಕರಗುವುದಿಲ್ಲ. ಯಾವ ದಿನ ಬುಕ್ ಮಾಡಿದ್ದು, ನಂಬರ್ ಎಷ್ಟು, ಯಾವ ದಿನ ಎಲ್ಲಿ ನಿಂತಿತ್ತು, ಯಾವ ದಿನ ತಲುಪಿತು, ಆ ವಾರ ಯಾವ ಘಾಟಿ ಬಂದ್ ಇತ್ತು, ಎಲ್ಲ ಬರೆಯಿರಿ. ಜಿಲ್ಲಾಡಳಿತದ ಆದೇಶ ಪೇಪರಲ್ಲಿ ಬಂದಿರುತ್ತದೆ, ಅದರ ತಾರೀಕು ಹಾಕಿ. ಹಂತ 7ರಲ್ಲಿ ತೆಗೆದಿಟ್ಟ ಫೋಟೋ, ಸ್ಕ್ರೀನ್‌ಶಾಟ್ ಉಪಯೋಗಕ್ಕೆ ಬರುವುದು ಈಗ. ಒಪ್ಪುವುದು ಬಿಡುವುದು ಇಲಾಖೆಗೆ ಬಿಟ್ಟದ್ದು. ನಾವು ಹಾಕಿದ್ದು ಸಾದಾ ಅಂಚೆ, ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ದೊಡ್ಡಮ್ಮನ ಪರವಾಗಿ ಏನು ಅಂತ ಬರೆಯುವುದು?

ಕಾಗದ ಕಳೆದೇ ಹೋಯಿತು, ವೆರಿಫಿಕೇಶನ್ ಆಗಲೇ ಇಲ್ಲ ಅಂದರೆ ಸುಮ್ಮನೆ ಕೂರಬೇಡಿ. ಡಿಸೆಂಬರ್ 31 ತನಕ ತಡವಾದ ರಿಟರ್ನ್ ಹಾಕಲು ಅವಕಾಶ ಉಂಟು. ಅದೂ ದಾಟಿದರೆ ಕಷ್ಟ ಜಾಸ್ತಿ.

80 ದಾಟಿದವರ ಕಾಗದದ ರಿಟರ್ನ್

80 ತುಂಬಿದವರು ಐಟಿಆರ್-1 ಅಥವಾ ಐಟಿಆರ್-4 ಎಂಬ ಫಾರ್ಮಿನಲ್ಲಿ ರಿಟರ್ನ್ ಹಾಕುವುದಾದರೆ ಈಗಲೂ ಕಾಗದದಲ್ಲೇ ಕೊಡಬಹುದು. ಇದನ್ನು ಪೋಸ್ಟಿಗೆ ಹಾಕಬೇಡಿ. ಮನೆಯ ಯಾರಾದರೂ ಒಂದು ಬೆಳಿಗ್ಗೆ ಹೋಗಿ, ಮಂಗಳೂರಿನವರಾದರೆ ಅತ್ತಾವರದ ಆದಾಯ ತೆರಿಗೆ ಕಚೇರಿಯಲ್ಲಿ, ಕೈಯಲ್ಲೇ ಕೊಟ್ಟು ಸೀಲು ಹಾಕಿಸಿಕೊಂಡು ಬನ್ನಿ. ದೊಡ್ಡಮ್ಮ ಕೇಳಿದ ಸೀಲಿಗೆ ಬೆಲೆ ಇರುವುದು ಇಲ್ಲಿ.

ಅಮೆರಿಕದ ರಿಟರ್ನ್ ಹಾಕುವವರಿಗೆ

ಮಣಿಪಾಲ, ಮಂಗಳೂರಲ್ಲಿ ಗ್ರೀನ್ ಕಾರ್ಡೋ ಅಲ್ಲಿನ ಪೌರತ್ವವೋ ಇರುವವರು ಸಾಕಷ್ಟು ಜನ ಇದ್ದಾರೆ. ಅವರ ಲೆಕ್ಕ ನಮ್ಮದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಗಡುವಿನ ಒಳಗೆ ಅಂಚೆ ಮುದ್ರೆ ಬಿದ್ದಿದ್ದರೆ, ತಡವಾಗಿ ತಲುಪಿದರೂ ರಿಟರ್ನ್ ಸಮಯಕ್ಕೆ ಸಲ್ಲಿಸಿದ ಹಾಗೆ. ನಮ್ಮ ಅಂಚೆ ಇಲಾಖೆಯ ಅಧಿಕೃತ ಮುದ್ರೆಗೂ ಇದು ಸಲ್ಲುತ್ತದೆ. ಹಣಕ್ಕೆ ಮಾತ್ರ ಸಲ್ಲುವುದಿಲ್ಲ. ಇಲ್ಲಿಂದ ಕಳಿಸಿದ ಚೆಕ್ಕು ಗಡುವಿನ ಒಳಗೆ ಅಲ್ಲಿ ತಲುಪಿರಲೇಬೇಕು. ಮಾಮೂಲು ಗಡುವು ಏಪ್ರಿಲ್ 15, ಹೊರದೇಶದಲ್ಲಿ ನೆಲೆಸಿದವರಿಗೆ ಜೂನ್ 15 ತನಕ ತಾನಾಗಿ ಸಿಗುತ್ತದೆ. ಆದರೆ ಬಾಕಿ ತೆರಿಗೆಯ ಬಡ್ಡಿ ಏಪ್ರಿಲ್‌ನಿಂದಲೇ ಓಡುತ್ತದೆ.

ಮುದ್ರೆಯನ್ನು ನಂಬುವುದೂ ಅಷ್ಟು ಸುಲಭ ಅಲ್ಲ. ಡಬ್ಬಕ್ಕೆ ಹಾಕಿದ ದಿನವೂ ಮುದ್ರೆ ಬೀಳುವ ದಿನವೂ ಒಂದೇ ಆಗಿರಬೇಕಿಲ್ಲ ಅಂತ ಅಮೆರಿಕದ ಅಂಚೆ ಇಲಾಖೆಯೇ 2025ರ ಡಿಸೆಂಬರಿನಲ್ಲಿ ಸ್ಪಷ್ಟ ಮಾಡಿದೆ. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ನಮ್ಮ ಅಂಚೆ ಇಲಾಖೆ ಅಮೆರಿಕಕ್ಕೆ ಸೇವೆಯನ್ನೇ ನಿಲ್ಲಿಸಿತು, ಸುಂಕದ ನಿಯಮ ಬದಲಾದ ಗಲಾಟೆಯಲ್ಲಿ. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಹೆಚ್ಚುವರಿ ಸಮಯ ಕೇಳಿಕೊಂಡವರ ಕೊನೆಯ ದಿನವೂ ಅದೇ! ಕಾಗದದಲ್ಲೇ ಕಳಿಸಬೇಕಾದವರು ಅಲ್ಲಿನ ತೆರಿಗೆ ಇಲಾಖೆ ಒಪ್ಪಿದ ಖಾಸಗಿ ಸೇವೆಗಳ ಪಟ್ಟಿ ನೋಡಿ ಆರಿಸಿ. ಡಿಎಚ್‌ಎಲ್, ಫೆಡೆಕ್ಸ್, ಯುಪಿಎಸ್‌ನ ಕೆಲವು ಸೇವೆಗಳಷ್ಟೇ ಆ ಪಟ್ಟಿಯಲ್ಲಿವೆ, ಎಲ್ಲವೂ ಅಲ್ಲ.

ಇಲಾಖೆಯಿಂದ ನಿಮಗೆ ಬರುವ ಕಾಗದ

ಅಂಚೆ ತಡವಾಗುವುದು ಹೋಗುವಾಗ ಮಾತ್ರವಲ್ಲ, ಬರುವಾಗಲೂ ಹೌದು. ರಿಟರ್ನ್‌ನಲ್ಲಿ ದೋಷ ಉಂಟು ಅಂತ ನೋಟಿಸ್ ಬಂದರೆ ಸರಿಪಡಿಸಲು ಸಿಗುವುದು 15 ದಿನ. ಹೆಚ್ಚಿನವು ಈಗ ಇ-ಮೇಲ್‌ಗೂ ಪೋರ್ಟಲ್‌ಗೂ ಬರುತ್ತವೆ. ರಿಟರ್ನ್ ಹಾಕಿದ ಮೇಲೆ ಎರಡು ವಾರಕ್ಕೊಮ್ಮೆಯಾದರೂ ಲಾಗಿನ್ ಆಗಿ ನೋಡಿ. ರಿಟರ್ನ್ ಮಾಡಿಕೊಡುವವರ ಇ-ಮೇಲ್ ಕೊಟ್ಟಿದ್ದರೆ ತೆಗೆಸಿ, ಮನೆಯವರದ್ದೇ ಹಾಕಿಸಿ.

ಮುಂಬೈಯಲ್ಲಿ ಹೋಟೆಲಲ್ಲಿ ದುಡಿದು ಊರಿಗೆ ಬಂದು ನೆಲೆಸಿದ ಎಷ್ಟೋ ಜನರ ಪ್ಯಾನ್ ವಿಳಾಸ ಇನ್ನೂ ಮುಂಬೈಯದ್ದೇ. ನಮ್ಮ ಭಾವನದ್ದೂ ಹಾಗೇ ಇತ್ತು. ಕಾಗದದ ನೋಟಿಸ್ ಅಲ್ಲಿನ ಹಳೇ ಖೋಲಿಗೆ ಹೋಗಿ, ಯಾರೋ ಫೋನ್ ಮಾಡಿ ತಿಳಿಸುವಾಗ ದಿನ ಕಳೆದಿರುತ್ತದೆ. ಸರಿಯಾದ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದ ನೋಟಿಸ್ ಮಾಮೂಲಾಗಿ ತಲುಪಬೇಕಾದ ದಿನಕ್ಕೆ ತಲುಪಿತು ಅಂತಲೇ ಕಾನೂನು ತಿಳಿಯುತ್ತದೆ. ತಲುಪಲಿಲ್ಲ ಅಂತ ತೋರಿಸಿಕೊಡುವುದು ನಿಮ್ಮ ಹೊಣೆ. ಪೋರ್ಟಲ್‌ನ ಪ್ರೊಫೈಲ್‌ನಲ್ಲೂ ಪ್ಯಾನ್‌ನಲ್ಲೂ ಊರಿನ ವಿಳಾಸ, ಪಿನ್ ಕೋಡ್ ಸಮೇತ ಹಾಕಿಸಿಬಿಡಿ.

ತೆರಿಗೆ ಕಟ್ಟಿ ಅನ್ನುವ ಡಿಮ್ಯಾಂಡ್ ನೋಟಿಸ್ ಅಂಚೆಯಲ್ಲಿ ಬಂದರೆ ಮೇಲ್ಮನವಿಗೆ 30 ದಿನ. ಅದನ್ನು ಎಣಿಸುವುದು ನೋಟಿಸಿನಲ್ಲಿ ಅಚ್ಚಾದ ತಾರೀಕಿನಿಂದ ಅಲ್ಲ, ನಿಮ್ಮ ಕೈಗೆ ಕೊಟ್ಟ ದಿನದಿಂದ. ಹಾಗಾಗಿ ಪೋಸ್ಟ್‌ಮ್ಯಾನ್ ಕೊಟ್ಟ ತಾರೀಕನ್ನು ಕವರಿನ ಮೇಲೆ ಪೆನ್ನಲ್ಲಿ ಬರೆದು, ಕವರನ್ನು ನೋಟಿಸಿನ ಜೊತೆಗೇ ಪಿನ್ ಮಾಡಿಡಿ. ನಮ್ಮ ಮನೆಗಳಲ್ಲಿ ಖಾಲಿ ಕವರ್ ನೇರ ಬಚ್ಚಲ ಒಲೆಗೆ ಹೋಗುತ್ತದೆ. ಸ್ನಾನದ ನೀರು ಕಾಯಿಸುವವರಿಗೆ ಮೊದಲೇ ಹೇಳಿಡಿ.